ಬಿದ್ದವರನ್ನು ಎತ್ತುವ ಊರು

ನಮ್ಮ ಊರಿನ ನೆಲದ ಮೇಲೆ ಬಿದ್ದವರು ತಾವಾಗಿ ಏಳುವುದಿಲ್ಲ. ಮಣ್ಣು ಬಿಡುವುದಿಲ್ಲ. ಬೇಕೆಂದು ಕೂತವರಿಗೆ, ಮಲಗಿದವರಿಗೆ ಏನೂ ತೊಂದರೆಯಿಲ್ಲ, ಬಿದ್ದವರಿಗೆ ಮಾತ್ರ. ಇನ್ನೊಬ್ಬರು ಬಂದು ಕೈ ಹಿಡಿದು ಎಳೆದರೆ ಎದ್ದು ಮೈ ಕೊಡವಿಕೊಂಡು ಹೋಗುತ್ತಾರೆ, ಇಲ್ಲದಿದ್ದರೆ ಬಿದ್ದಲ್ಲೇ ಕೂತಿರುತ್ತಾರೆ. ಎಳೆಯುವವರು ಬೇರೆ ಮನೆಯವರಾಗಿರಬೇಕು. ದಿನಾಲು ಒಂದೇ ಒಲೆಯ ಅಡುಗೆ ಉಣ್ಣುವವರ ಕೈ ಒಬ್ಬರಿಗೊಬ್ಬರಿಗೆ ನಡೆಯುವುದಿಲ್ಲ. ಹಬ್ಬಕ್ಕೋ ಮದುವೆಗೋ ಒಂದು ಹೊತ್ತು ಉಂಡರೆ ಏನೂ ಆಗದು, ದಿನಾ ಉಂಡರೆ ಮಾತ್ರ ಹಾಗೆ. ಆದ್ದರಿಂದ ನಮ್ಮಲ್ಲಿ ನೆರೆಮನೆಯವರ ಜೊತೆ ಪೂರಾ ಮಾತು ಬಿಟ್ಟು ಬದುಕುವುದು ಯಾರಿಗೂ ಆಗುವುದಿಲ್ಲ. ನಲ್ಲಿಯ ಹತ್ತಿರ ಜುಟ್ಟು ಹಿಡಿದು ಜಗಳವಾಡುವ ಹೆಂಗಸರಲ್ಲಿ ಒಬ್ಬಳು ಕಾಲು ಜಾರಿದರೆ, ಇನ್ನೊಬ್ಬಳು ಬೈಯುವುದನ್ನು ನಿಲ್ಲಿಸದೆಯೇ ಅವಳನ್ನು ಎತ್ತಿ ನಿಲ್ಲಿಸಿ ಮತ್ತೆ ಜುಟ್ಟು ಹಿಡಿಯುತ್ತಾಳೆ. ಗಂಡ ಕುಡಿದು ಬೀದಿಯಲ್ಲಿ ಬಿದ್ದಿದ್ದಾನೆಂದು ಸುದ್ದಿ ಬಂದರೆ ಹೆಂಡತಿ ಎತ್ತುವವರನ್ನು ಕರೆಯಲು ಹೊರಡುವ ಮುನ್ನ ನಿಧಾನವಾಗಿ ತಲೆ ಬಾಚಿಕೊಳ್ಳುತ್ತಾಳೆ. ಹೊಡೆದಾಟವಾದರೆ ಕೆಡವಿದವನೇ ಎತ್ತಬೇಕು. ಇದು ಹಿರಿಯರ ಕಾಲದ ಕಟ್ಟಳೆ.

ಇಂಥ ಊರಿಗೆ ರಗ್ಬಿ ಲೀಗ್ ಎಂಬ ಆಟವನ್ನು ತಂದವನು ಗಿರಣಿ ದ್ಯಾವಪ್ಪಣ್ಣ. ಹರೆಯದಲ್ಲಿ ಅವನು ಬಂದರಿನ ಊರಿನಲ್ಲಿ ಹಿಟ್ಟಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ. ಹಡಗಿನವರು ಆಡುವುದನ್ನು ನೋಡಿ ಕಲಿತು, ಊರಿಗೆ ಮರಳಿ ಗಿರಣಿ ಇಡುವಾಗ ಬೀಸುವ ಕಲ್ಲಿನ ಜೊತೆ ಒಂದು ಚೆಂಡನ್ನೂ ತಂದ. ಚೆಂಡು ಉದ್ದಕ್ಕಿದ್ದುದನ್ನು ಕಂಡು ಜನ, ಪಾಪ, ದಾರಿಯಲ್ಲಿ ಯಾರೋ ತುಳಿದಿರಬೇಕು ಅಂದುಕೊಂಡರು. ಆಟ ಸುಲಭ. ಈ ಕಡೆ ಹದಿಮೂರು ಜನ, ಆ ಕಡೆ ಹದಿಮೂರು ಜನ. ಚೆಂಡು ಹಿಡಿದು ಓಡುವವನನ್ನು ಅಪ್ಪಿ ಕೆಡವಬೇಕು. ಬಿದ್ದವನು ಎದ್ದು ಚೆಂಡನ್ನು ಕಾಲಿನಿಂದ ಹಿಂದಕ್ಕೆ ತಳ್ಳಿದರೆ ಆಟ ಮುಂದೆ ಸಾಗುತ್ತದೆ. ಆರು ಸಲ ಬಿದ್ದರೆ ಚೆಂಡು ಎದುರಿನವರದು. ನಮ್ಮ ಹುಡುಗರು ಕೆಡವುವುದು, ಬಿದ್ದವನನ್ನು ಎತ್ತುವುದು, ಮತ್ತೆ ಓಡುವುದು ಹೀಗೆ ಆಡಿದರು. ನಮ್ಮ ಊರಿಗೆ ಹೇಳಿ ಮಾಡಿಸಿದ ಆಟ ಅದು.

ದ್ಯಾವಪ್ಪಣ್ಣನ ಜೊತೆ ಮೊದಮೊದಲು ಆಡಿದವರಲ್ಲಿ ನಮ್ಮ ಮಾಸ್ತರೂ ಒಬ್ಬರು. ಮಾಸ್ತರು ಅಂದರೆ ನನ್ನ ಗಂಡ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಾರೆ. ಹೆಸರು ಚೆನ್ನಮಲ್ಲಪ್ಪ, ನಾನು ಹೇಳುವ ವಾಡಿಕೆಯಿಲ್ಲ, ಕಥೆಗೆ ಬೇಕಾದ್ದರಿಂದ ಒಂದು ಸಲ ಹೇಳಿದೆ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಕಲಿತವರು. ದ್ಯಾವಪ್ಪಣ್ಣನ ಹೆಂಡತಿ ತೀರಿಕೊಂಡ ಮೇಲಂತೂ ಸಂಜೆಯಾದರೆ ಅವನು ನಮ್ಮ ಕಟ್ಟೆಯ ಮೇಲೆ, ಇಲ್ಲವೇ ಇವರು ಅವನ ಗಿರಣಿಯಲ್ಲಿ. ಇವರ ಕೋಟಿನ ಮೇಲೆ ಯಾವಾಗಲೂ ಹಿಟ್ಟು ಇರುತ್ತಿತ್ತು, ಒಗೆಯುವವಳು ನಾನು.

ಈ ಆಟ ನಡೆಸುವ ದೊಡ್ಡ ಸಂಘದವರಿಗೆ ಒಂದು ವರ್ಷ ಹೊಸ ವಿಚಾರ ಹೊಳೆಯಿತು. ಯಾವಾಗಲೂ ಶ್ರೀಮಂತ ದೇಶಗಳಲ್ಲೇ ಯಾಕೆ ಆಡಿಸುವುದು, ಸಣ್ಣ ದೇಶಗಳಲ್ಲೂ ಆಡಿಸಿದರೆ ಆಟ ಬೆಳೆಯುತ್ತದೆ ಅಂತ. ನಮ್ಮದು ನಕಾಶೆಯಲ್ಲಿ ಬೆರಳಿಟ್ಟರೆ ಮುಚ್ಚಿಹೋಗುವ ದೇಶ. ರಾಜಧಾನಿಯ ಮೈದಾನದಲ್ಲಿ ಸದಾ ಮಂತ್ರಿಗಳ ಭಾಷಣ. ಹೀಗೆ ಟೂರ್ನಮೆಂಟ್ ಸುತ್ತಿ ಸುತ್ತಿ ನಮ್ಮ ಊರಿಗೇ ಬಂತು. ಅರಳೆ ಮಿಲ್ಲಿನ ಸಂಗಪ್ಪ ಸಾವಕಾರರು ಸಮಿತಿಯ ಅಧ್ಯಕ್ಷರಾದರು. ನಮ್ಮ ಮಾಸ್ತರಿಗೆ ಇಂಗ್ಲಿಷ್ ಬರುತ್ತದೆಂದು ಕಾರ್ಯದರ್ಶಿ ಮಾಡಿದರು. ಹುಡುಗರನ್ನು ತಯಾರು ಮಾಡುವ ಕೆಲಸ ದ್ಯಾವಪ್ಪಣ್ಣನದು. ಊರೆಲ್ಲ ಅದೇ ಮಾತು. ವಿಮಾನ ಕಾಣದವರೂ ವಿಮಾನ ಎಲ್ಲಿ ಇಳಿಯಬೇಕೆಂದು ವಾದ ಮಾಡಿದರು.

ಮೈದಾನ ನೋಡಲು ಸಂಘದಿಂದ ಒಬ್ಬ ಸಾಹೇಬ ಬಂದ. ಉದ್ದನೆಯ ಬಡಕಲು ಮನುಷ್ಯ, ನಾನು ಕೊಟ್ಟ ಮಜ್ಜಿಗೆಯನ್ನು ಒಂದು ಹನಿ ಬಿಡದೆ ಕುಡಿದ. ಬೂಟಿನ ಹಿಮ್ಮಡಿಯಿಂದ ಮಣ್ಣನ್ನು ಕೆದರಿ ನೋಡಿ, ಆಟಗಾರರು ಬಿದ್ದಾಗ ಈ ನೆಲದಲ್ಲಿ ಏನಾದರೂ ತೊಂದರೆಯಾಗುತ್ತದೆಯೇ ಎಂದು ಕೇಳಿದ. ಸಾವಕಾರರು ಏನೇನೂ ಇಲ್ಲ ಅಂದರು. ಮಾಸ್ತರು ಅದನ್ನು ಇಂಗ್ಲಿಷಿಗೆ ತಿರುಗಿಸಿದರು. ಸಾಹೇಬ ಅಷ್ಟಕ್ಕೇ ಬಿಡದೆ, ಹುಡುಗರನ್ನು ಪಳಗಿಸುವವನ ಮಾತು ಕೇಳಬೇಕು ಅಂದ. ದ್ಯಾವಪ್ಪಣ್ಣ ಸುಳ್ಳು ಹೇಳಿ ಗೊತ್ತಿದ್ದವನಲ್ಲ.

"ಸಾಹೇಬ್ರ, ಇಲ್ಲಿ ನೆಲ ಬಿಡೂದಿಲ್ಲ," ಅಂದ. "ಬಿದ್ದವನ್ನ ಇನ್ನೊಬ್ಬ ಎತ್ತಬೇಕು, ಕೆಡವಿದ್ರ ಕೆಡವಿದಾಂವ ಎತ್ತಬೇಕು. ಬರೋ ಮಂದಿಗೆ ಇದನ್ನ ಮೊದ್ಲ ಹೇಳಿಬಿಟ್ರ ಛಲೋ."

ಸಾವಕಾರರು ಕೆಮ್ಮಿದರು, ಕಣ್ಣು ಮಿಟುಕಿಸಿದರು, ಕೊನೆಗೆ ಮಾಸ್ತರ ಕಾಲನ್ನೂ ತುಳಿದರು. ಆದರೆ ಇವರು ಪಾಠ ಒಪ್ಪಿಸುವವರ ಹಾಗೆ ಅವನು ಹೇಳಿದ್ದನ್ನು ಹೇಳಿದ ಹಾಗೇ ಹೇಳಿಬಿಟ್ಟರು. ಸಾಹೇಬ ಅದನ್ನು ಬರೆದುಕೊಂಡು ಹೋದ. ಅಂದಿನಿಂದ ಊರಿನ ಮುಖ ಬಾಡಿತು. ಬಂದ ಭಾಗ್ಯವನ್ನು ದ್ಯಾವಪ್ಪ ಬಾಗಿಲಿಂದಲೇ ಹಿಂದಕ್ಕೆ ಕಳಿಸಿದ ಎಂದು ಗಿರಣಿಯ ಮುಂದೆಯೇ ಜನ ಅಂದರು. ಅದನ್ನು ತಿರುಗಿಸಿ ಹೇಳಿದ ಬಾಯಿ ಯಾವುದೆಂದು ಸಮಿತಿಯವರು ಮರೆಯಲಿಲ್ಲ. ಕಾರ್ಯದರ್ಶಿಯನ್ನು ಬದಲಿಸುವ ಮಾತೂ ಬಂತು. ಅದಾದ ಮೇಲೆ ಇವರು ನಡೆಯುವಾಗ ಭುಜ ಇಳಿಬಿಟ್ಟು ನಡೆಯುತ್ತಿದ್ದರು.

ಅದೇ ವಾರ ಅಭ್ಯಾಸದ ಹೊತ್ತಿನಲ್ಲಿ ದ್ಯಾವಪ್ಪಣ್ಣ ಬಿದ್ದ. ಅಪ್ಪಿ ಕೆಡವುವಾಗ ತಲೆಯನ್ನು ಯಾವ ಬದಿಗೆ ಇಡಬೇಕೆಂದು ಹುಡುಗರಿಗೆ ತೋರಿಸಲು ಹೋಗಿ, ಮೈದಾನದ ಅಂಚಿನ ಬಿಳಿ ಗೆರೆಯ ಆಚೆ, ತಾನಾಗಿಯೇ ಕಾಲು ತೊಡರಿ ಬಿದ್ದ. ಯಾರೂ ಕೆಡವಿರಲಿಲ್ಲ, ಆದ್ದರಿಂದ ಎತ್ತುವ ಹೊಣೆ ಇಂಥವರದೇ ಎಂದಿರಲಿಲ್ಲ. ಹತ್ತಿರವಿದ್ದವರು ನಮ್ಮ ಮಾಸ್ತರು. ಕೈ ಚಾಚಿದರು ಕೂಡ. ಆಗ ಸಾವಕಾರರು ನಗುತ್ತಲೇ ಅಂದರು:

"ಇರ್ಲಿ ಬಿಡ್ರಿ ಮಾಸ್ತರ. ಸಂಜೀ ತನಕಾ ಕುಂಡ್ರಲಿ. ನೆಲ ಬಿಡೂದಿಲ್ಲ ಅಂತ ಸಾಹೇಬ್ಗ ಹೇಳಿದ್ನೆಲ್ಲ, ತಾನೂ ಸ್ವಲ್ಪ ನೋಡ್ಲಿ."

ಸುತ್ತ ನಿಂತವರೆಲ್ಲ ನಕ್ಕರು. ದ್ಯಾವಪ್ಪಣ್ಣನೂ ನಕ್ಕ. ಇವರು ಕೈಯನ್ನು ಹಿಂದಕ್ಕೆಳೆದು ಕೋಟಿನ ಜೇಬಿಗೆ ಹಾಕಿಕೊಂಡರು. ಮನೆಗೆ ಬಂದು ನನಗೂ ನಗುತ್ತಲೇ ಹೇಳಿದರು, ಆದರೆ ಕೈ ತೊಳೆಯಲು ಹೋದವರು ಬಚ್ಚಲಲ್ಲೇ ಬಹಳ ಹೊತ್ತು ನಿಂತಿದ್ದರು.

ಸಂಜೆಯಾಯಿತು. ಎತ್ತಲು ಯಾರಾದರೂ ಹೋಗಿರುತ್ತಾರೆಂದು ಪ್ರತಿಯೊಬ್ಬರೂ ತಿಳಿದರು. ಬೆಳಿಗ್ಗೆ ನೋಡಿದರೆ ಅವನು ಅಲ್ಲೇ ಇದ್ದ. ಮಗಳು ಸಾವಂತ್ರಿ ರಾತ್ರಿಯೆಲ್ಲ ಪಕ್ಕದಲ್ಲಿ ಕೂತಿದ್ದಳಂತೆ. ಅವಳ ಕೈ ನಡೆಯುವುದಿಲ್ಲವಲ್ಲ. ಈಗ ಎತ್ತುವುದು ನಿನ್ನೆಗಿಂತ ಕಷ್ಟವಾಯಿತು. ನಿನ್ನೆ ಯಾಕೆ ಎತ್ತಲಿಲ್ಲ ಎಂದು ಅವನು ಕೇಳಿದರೆ ಏನು ಹೇಳುವುದು? ಮರುದಿನ ಇನ್ನೂ ಕಷ್ಟವಾಯಿತು. ಸಾವಂತ್ರಿ ಮನೆ ಮನೆಗೂ ಬಂದು ಕೇಳಿದಳು. ನಮ್ಮ ಬಾಗಿಲಿಗೂ ಬಂದು, "ಕಾಕಾ, ನೀವರ ಬರ್ರಿ," ಅಂದಳು. ಇವರು, ಸಾವಕಾರರ ಹತ್ತಿರ ಮಾತಾಡಿ ಬರುತ್ತೇನೆ ಎಂದು ಹೇಳಿ ಕಳಿಸಿದರು. ಪಕ್ಕದ ಊರಿಗೂ ಅವಳು ಹೋಗಿದ್ದಳಂತೆ. ನಿಮ್ಮ ಊರು ಕೂಡಿಸಿದವನನ್ನು ನಾವು ಎತ್ತಿದರೆ, ನಾಳೆ ಸಂತೆಗೆ ಬಂದು ನಿಮ್ಮ ಊರಿನಲ್ಲಿ ನಾವು ಬಿದ್ದಾಗ ಎತ್ತುವವರು ಯಾರು ಎಂದು ಅಲ್ಲಿನವರು ಕೇಳಿದರು. ಆಮೇಲೆ ಅವಳು ಕೇಳುವುದನ್ನೇ ಬಿಟ್ಟಳು. ತಂದೆಯ ಸುತ್ತ ತಟ್ಟಿಯ ಮರೆ ಕಟ್ಟಿ, ಹಾಸಿಗೆ ಕೊಟ್ಟು, ನೀರು ಹೊತ್ತು, ನಡುವೆ ಗಿರಣಿಯ ಬಾಗಿಲನ್ನೂ ತೆರೆದಿಟ್ಟಳು. ನಾವು ಹಿಟ್ಟು ಬೀಸಿಸಲು ದೂರದ ಗಿರಣಿಗೆ ನಡೆದು ಹೋದೆವು. ಅವಳ ಮುಖ ನೋಡುವ ಧೈರ್ಯ ಯಾರಿಗೂ ಇರಲಿಲ್ಲ.

ಜೋಳ ಬಿತ್ತುವಾಗ ಬಿದ್ದವನು ಜೋಳ ಹಾಲ್ದೆನೆಯಾದರೂ ಅಲ್ಲೇ ಇದ್ದ. ನಾವೇನು ಕಲ್ಲು ಮನಸ್ಸಿನವರಲ್ಲ. ಒಂದು ದಿನ ಕತ್ತಲು ಹರಿಯುವ ಮುನ್ನ ನಾನೇ ಎದ್ದು, ಇವರಿಗೂ ಹೇಳದೆ, ಅವನನ್ನು ಎತ್ತಿಬಿಡಬೇಕೆಂದು ಮೈದಾನಕ್ಕೆ ಹೋದೆ. ಯಾವುದಕ್ಕೂ ಇರಲಿ ಎಂದು ಸೆರಗಿನಲ್ಲಿ ಎರಡು ರೊಟ್ಟಿ ಕಟ್ಟಿಕೊಂಡಿದ್ದೆ. ತಟ್ಟಿಯ ಹತ್ತಿರ ಹೋದರೆ ಎದುರಿನಿಂದ ಸಾವಕಾರರ ಹೆಂಡತಿ ಶಂಕ್ರವ್ವ ಬರುತ್ತಿದ್ದಾಳೆ, ಕೈಯಲ್ಲಿ ಹುಗ್ಗಿಯ ಬೋಗುಣಿ. ನಾನು ಅವಳನ್ನು ನೋಡಿದೆ, ಅವಳು ನನ್ನನ್ನು ನೋಡಿದಳು. "ರೊಟ್ಟಿ ಕೊಡೂಣಂತ ಬಂದೆ," ಅಂದೆ. "ನಾನೂ ಹಂಗ," ಅಂದಳು. ಇಬ್ಬರೂ ಅವನ ಮುಂದೆ ಇಟ್ಟು ಒಟ್ಟಿಗೇ ತಿರುಗಿ ಬಂದೆವು. ಅವಳು ಬಂದದ್ದು ಹುಗ್ಗಿ ಕೊಡಲಿಕ್ಕಲ್ಲವೆಂದು ನನಗೆ ಗೊತ್ತು, ನನ್ನದು ಅವಳಿಗೆ ಗೊತ್ತು. ಬಾಯಿ ಬಿಟ್ಟು ಹೇಳಿದರೆ ಯಾರ ಮಾನ ಮೊದಲು ಹೋಗುತ್ತದೋ ಎಂದು ಇಬ್ಬರೂ ಸುಮ್ಮನಿದ್ದೆವು. ಅಂದಿನಿಂದ ದಿನಾ ನಾಲ್ಕು ರೊಟ್ಟಿ ಹೆಚ್ಚಿಗೆ ಬಡಿದು ಕಳಿಸಿದೆ. ಅಷ್ಟು ಮಾಡಿದರೆ ರಾತ್ರಿ ನಿದ್ದೆ ಬರುತ್ತಿತ್ತು. ಶಂಕ್ರವ್ವನೂ ಕಳಿಸಿದಳು. ಉಳಿದವರೂ ಹೀಗೆಯೇ ಕಳಿಸುತ್ತಿದ್ದಾರೆಂದು ನಮಗೆ ತಿಳಿದಿರಲಿಲ್ಲ, ಎಲ್ಲರೂ ಮರೆಯಲ್ಲೇ ಕಳಿಸುತ್ತಿದ್ದರು.

ಅಷ್ಟರಲ್ಲಿ ಸಂಘದಿಂದ ಫೋನ್ ಬಂತು. ಬಡಕಲು ಸಾಹೇಬನಿಗೆ ದ್ಯಾವಪ್ಪಣ್ಣನ ಮಾತು ಬಹಳ ಹಿಡಿಸಿತ್ತಂತೆ. ಕೆಡವಿದವನೇ ಎತ್ತಬೇಕೆಂಬುದು ಎಂಥ ಒಳ್ಳೆಯ ಪದ್ಧತಿ, ಈ ಟೂರ್ನಮೆಂಟಿಗೆ ಅದನ್ನೇ ನಿಯಮ ಮಾಡೋಣ, ಆಟವನ್ನು ನಿಮ್ಮ ಊರಿನಲ್ಲೇ ನಡೆಸೋಣ ಅಂದನಂತೆ. ಸಾವಕಾರರು ಪೇಢೆ ಹಂಚಿದರು. ಅಂದರೆ ದ್ಯಾವಪ್ಪಣ್ಣ ಕೆಡಿಸಿದ್ದು ಏನೂ ಇರಲಿಲ್ಲ, ಅವನಿಂದಲೇ ಕೆಲಸ ಆಗಿತ್ತು. ಅವನ ಮೇಲೆ ಊರಿಗಿದ್ದ ಸಿಟ್ಟಿಗೆ ಕಾರಣವೇ ಹೋಯಿತು. ಆದರೂ ಆ ಸಂಜೆ ಅವನನ್ನು ಎತ್ತಲು ಯಾರೂ ಹೋಗಲಿಲ್ಲ. ಸಿಟ್ಟಿದ್ದಾಗ ಮುಖ ತೋರಿಸುವುದು ಸುಲಭವಿತ್ತು. ಮಾಸ್ತರು ತಾಟಿನ ಮುಂದೆ ಕೂತು ಉಣ್ಣದೆ ಎದ್ದರು. ಊರ ಬಾಗಿಲಿಗೆ ಹಾಕುವ ಕಮಾನಿನ ಮೇಲೆ ಇಂಗ್ಲಿಷಿನಲ್ಲಿ ಏನು ಬರೆಯಬೇಕೆಂದು ಸಾವಕಾರರು ಇವರಿಗೇ ಹೇಳಿದ್ದರು: ಈ ಊರಿನಲ್ಲಿ ಬಿದ್ದವರನ್ನು ಯಾರೂ ಬಿಟ್ಟು ಹೋಗುವುದಿಲ್ಲ. ಆಳೆತ್ತರದ ಅಕ್ಷರಗಳಲ್ಲಿ ಬರೆಸಿ ಬಂದರು.

ತಯಾರಿಯ ಗದ್ದಲದಲ್ಲಿ ಊರಿಗೆ ಮೈಮೇಲೆ ಖಬರಿರಲಿಲ್ಲ. ಗೋಲಿನ ಕಂಬಗಳನ್ನು ಮಾಡಿದವನು ಗೇಟು ಮಾಡುವ ವೆಲ್ಡರು. ಬೇಡವೆಂದರೂ ಕೇಳದೆ ತುದಿಯಲ್ಲಿ ಎರಡೆರಡು ಗಿಳಿಗಳನ್ನು ಕೂರಿಸಿದ. ಕುರ್ಚಿಗಳು ಕಲ್ಯಾಣ ಮಂಟಪದವು, ಸಿನಿಮಾ ಟಾಕೀಸಿನವು, ಕ್ಷೌರದಂಗಡಿಯವೂ ಇದ್ದವು. ಶಾಲೆಯಲ್ಲಿ ಆಟಗಾರರ ವಸತಿ. ಅವರ ಎತ್ತರ ಕೇಳಿ ಮಂಚಗಳಿಗೆ ಬೆಂಚು ಸೇರಿಸಿ ಉದ್ದ ಮಾಡಿದರು. ಒಂದೊಂದು ತಂಡಕ್ಕೆ ಒಂದೊಂದು ಬೇರೆ ಅಡುಗೆಮನೆ, ಪಟ್ಟಣದಿಂದ ಬೇರೆ ಬೇರೆ ಅಡಿಗೆಯವರು. ಎಲ್ಲ ತಂಡಗಳಿಗೂ ಒಂದೇ ಒಲೆಯಾದರೆ ಆಟದಲ್ಲಿ ಎತ್ತುವವರು ಯಾರು? ಅಷ್ಟು ದೂರ ಯೋಚಿಸಿದ ಜಾಣರು ನಾವು. ಯೋಚಿಸದೆ ಉಳಿದದ್ದು ಒಂದೇ, ಮೈದಾನದ ಗೆರೆಯ ಪಕ್ಕದಲ್ಲಿ ತಟ್ಟಿಯ ಮರೆಯಲ್ಲಿ ಕೂತಿದ್ದವನು.

ಅತಿಥಿಗಳು ಬರುವ ಹಿಂದಿನ ದಿನ ಸಾವಕಾರರು ಅದಕ್ಕೂ ದಾರಿ ಹುಡುಕಿದರು. ತಟ್ಟಿ ಕಿತ್ತು ಹಾಕಿ, ಸುತ್ತ ಬಣ್ಣದ ಬಟ್ಟೆಯ ಡೇರೆ ಕಟ್ಟಿ, ಮೇಲೆ ಸಾಮಾನಿನ ಕೋಣೆ ಎಂದು ಬೋರ್ಡು ಹಾಕುವುದು. ಕಟ್ಟಿಸುವ ಕೆಲಸ ಕಾರ್ಯದರ್ಶಿಯದು. ಮಾಸ್ತರು ಬಟ್ಟೆಯ ಸುರುಳಿ ಹೊತ್ತು ಹೋದರು, ನಾನು ನೀರು ಹಿಡಿದು ಹಿಂದೆ ಹೋದೆ. ತಟ್ಟಿ ಕಿತ್ತಾಗ ದ್ಯಾವಪ್ಪಣ್ಣ ಬಿಸಿಲಿಗೆ ಕಣ್ಣು ಮುಚ್ಚಿದ. ಗಡ್ಡ ಬೆಳೆದಿತ್ತು, ಕಾಲುಗಳು ಸೊರಗಿದ್ದವು. ಇಷ್ಟು ದಿನ ಇವರು ಅವನನ್ನು ಇಷ್ಟು ಹತ್ತಿರದಿಂದ ನೋಡಿರಲೇ ಇಲ್ಲ. ಬಟ್ಟೆಯ ಸುರುಳಿ ಕೈಯಿಂದ ಜಾರಿತು. ಮೈದಾನದ ತುಂಬ ಕೆಲಸದವರಿದ್ದರು, ಎಲ್ಲರೂ ನೋಡುತ್ತಿದ್ದರು, ಆದರೂ ನಮ್ಮ ಮಾಸ್ತರು ಬಗ್ಗಿ ಕೈ ಚಾಚಿದರು. ದ್ಯಾವಪ್ಪಣ್ಣ ಹಿಡಿದ. ಇವರು ಎಳೆದರು. ಏನೂ ಆಗಲಿಲ್ಲ. ಎರಡೂ ಕೈ ಹಾಕಿ ಎಳೆದರು. ನನ್ನ ಗಂಡನ ಕುತ್ತಿಗೆಯ ನರ ಉಬ್ಬಿತು, ಆದರೆ ನೆಲ ಬಿಡಲಿಲ್ಲ.

ನನಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು. ನನ್ನ ನಾಲ್ಕು ರೊಟ್ಟಿ. ದಿನಾ ನಮ್ಮ ಒಲೆಯದನ್ನು ಉಂಡವನಿಗೆ ನಮ್ಮ ಮನೆಯ ಕೈ ಹೇಗೆ ನಡೆದೀತು? ಇವರು ನನ್ನ ಕಡೆ ತಿರುಗಿದರು, ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಕೂಡಲೇ ಸಾವಕಾರರಿಗೆ ಹೇಳಿಕಳಿಸಿದರು. ಸಾವಕಾರರು ರುಮಾಲು ತೆಗೆದಿಟ್ಟು ತಾವೇ ಎಳೆದರು. ಅದೂ ನಡೆಯಲಿಲ್ಲ, ಶಂಕ್ರವ್ವನ ಹುಗ್ಗಿ ಒಂದು ದಿನವೂ ತಪ್ಪಿರಲಿಲ್ಲ. ವೆಲ್ಡರು ಬಂದ. ಅವನ ತಾಯಿ ದಿನಾ ಮಜ್ಜಿಗೆ ಅನ್ನ ಕೊಡುತ್ತಿದ್ದಳಂತೆ. ಅಂಚೆಯವನು ಬಂದ, ಡಾಕ್ಟರರು ಬಂದರು, ನಲ್ಲಿಯ ಹತ್ತಿರದ ಹೆಂಗಸರು ಬಂದರು. ಊರಿಗೆ ಊರೇ ಸಾಲಾಗಿ ನಿಂತಿತು. ಬಂದವರಿಗೆಲ್ಲ ದ್ಯಾವಪ್ಪಣ್ಣ ಬೇಸರವಿಲ್ಲದೆ ಕೈ ಚಾಚಿದ. ಒಬ್ಬೊಬ್ಬರೂ ಎಳೆದು, ಆಗದೆ, ಯಾರನ್ನೂ ನೋಡದೆ ಬದಿಗೆ ಸರಿದರು. ಒಂದು ಮನೆ ತಪ್ಪದೆ ಎಲ್ಲರೂ ಅವನಿಗೆ ಉಣಿಸಿದ್ದೆವು. ನಾವೆಲ್ಲ ಎಷ್ಟು ಒಳ್ಳೆಯವರೆಂದು ಅವತ್ತು ಎಲ್ಲರಿಗೂ ಗೊತ್ತಾಯಿತು, ಹೇಳಿಕೊಳ್ಳಲು ಬಾಯಿ ಬರಲಿಲ್ಲ.

"ಒಂದೊಂದು ಮನಿ ಬುತ್ತಿ ಬಂದಾಗ ಒಂದೊಂದು ಕೈ ಹೋತು, ಚೆನ್ಮಲ್ಲ," ಅಂದ ದ್ಯಾವಪ್ಪಣ್ಣ. "ನಂಗ ಗೊತ್ತಿತ್ತು."

"ಗೊತ್ತಿದ್ದು ಯಾಕ ಉಂಡಿ?" ಅಂದರು ಇವರು.

"ಬ್ಯಾಡ ಅಂದಿದ್ರ ಬರೂದನ್ನ ಬಿಡ್ತಿದ್ರಿ."

ಇವರು ಅಲ್ಲಿಯೇ ಕೂತುಬಿಟ್ಟರು. ಪಕ್ಕದ ಊರಿನಿಂದ ಈಗಲೇ ಯಾರನ್ನಾದರೂ ಕರೆಸಬೇಕು, ಸಮಿತಿಯೇ ಹೋಗಿ ಕೇಳಿದರೆ ಇಲ್ಲ ಅನ್ನಲಾರರು ಎಂದು ಒಬ್ಬರು ಅಂದರು. ಸಾವಕಾರರು ತಲೆಯಾಡಿಸಿದರು. ಪಕ್ಕದ ಊರಿಗೆ ಗೊತ್ತಾದರೆ ನಾಳೆ ಬರುವ ಅತಿಥಿಗಳ ಕಿವಿಗೂ ಬೀಳುತ್ತದೆ, ಟೂರ್ನಮೆಂಟ್ ಮುಗಿಯಲಿ, ಮುಗಿದ ಮರುದಿನವೇ ಕರೆಸೋಣ ಅಂದರು. ಮಾಸ್ತರು ಏನೋ ಹೇಳಲು ಬಾಯಿ ತೆರೆದರು. ನಾನು ಕಾದೆ. ಸಾಲಿನಲ್ಲಿ ನಿಂತವರೆಲ್ಲ ಕಾದರು. ಹೇಳಲಿಲ್ಲ. ಎದ್ದು ಡೇರೆಯ ಬಟ್ಟೆ ಬಿಚ್ಚಿದರು. ಗಾಳಿಗೆ ಅದು ಹಾರಿ ಹಾರಿ ಹೋಗುತ್ತಿತ್ತು. ಗೂಟಕ್ಕೆ ಕಟ್ಟುವ ತನಕ ಅದರ ಒಂದು ಚುಂಗನ್ನು ದ್ಯಾವಪ್ಪಣ್ಣನೇ ಹಿಡಿದುಕೊಂಡ. ಆ ದಿನ ಮನೆಗೆ ಬಂದು ನಾನು ಒಲೆ ಹಚ್ಚಲಿಲ್ಲ.

ಅತಿಥಿಗಳು ಬಂದರು. ನಮ್ಮನ್ನೂ ಸೇರಿಸಿ ನಾಲ್ಕು ತಂಡಗಳು, ನಾಲ್ಕೂ ಸಣ್ಣ ದೇಶಗಳವು. ಸಮುದ್ರದ ನಡುವಿನ ದ್ವೀಪದವರ ನಾಯಕ ಬಾಗಿಲಲ್ಲಿ ಬಗ್ಗಿ ಬರುವಂಥ ಆಳು. ಅವನ ಹೆಸರು ಯಾರ ನಾಲಿಗೆಗೂ ಹೊರಳದೆ ಜನ ದ್ವೀಪದ ಗೌಡ ಎಂದು ಕರೆದರು, ಅವನೂ ಓಗೊಟ್ಟ. ಮೊದಲ ಸಲ ಬಿದ್ದು ನೆಲ ಬಿಡದಿದ್ದಾಗ ಅವರಾರೂ ಹೆದರಲಿಲ್ಲ. ನಮ್ಮಲ್ಲಿ ಸಮುದ್ರ ಹೀಗೆಯೇ ಮಾಡುತ್ತದೆ ಎಂದು ಗೌಡ ಮಾಸ್ತರಿಗೆ ಹೇಳಿದನಂತೆ. ಕೆಡವುವುದು, ಕೈ ಹಿಡಿದು ಎತ್ತುವುದು, ನಗುವುದು, ಮತ್ತೆ ಕೆಡವುವುದು. ಆಟ ನೋಡಲು ಕಣ್ಣು ಸಾಲದು. ಬೀದಿಯಲ್ಲಿ ಯಾರಾದರೂ ಎಡವಿದರೂ ಗೌಡನ ತಂಡದವರು ಓಡಿ ಬಂದು ಎತ್ತುತ್ತಿದ್ದರು. ಮುದುಕಿಯರು ಒಂದೆರಡು ಸಲ ಬೇಕೆಂದೇ ಎಡವಿದ್ದನ್ನೂ ನಾನು ನೋಡಿದ್ದೇನೆ. ಪ್ರತಿ ಸಲ ಎತ್ತಿದಾಗ ಅವರು ಕಮಾನಿನ ಕಡೆ ಬೆರಳು ತೋರಿಸುತ್ತಿದ್ದರು. ನಾವು ತಲೆಯಾಡಿಸುತ್ತಿದ್ದೆವು. ತಲೆಯಾಡಿಸಿ ಆಡಿಸಿ ನನಗೆ ಕುತ್ತಿಗೆ ನೋವು ಬಂದಿತ್ತು.

ನಮ್ಮ ಹುಡುಗರಿಗೂ ದ್ವೀಪದವರಿಗೂ ಆಟ ಇದ್ದ ದಿನ ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ನನ್ನದು ಪಾನಕದ ಮೇಜು, ಡೇರೆಯ ಪಕ್ಕದಲ್ಲೇ. ಮಾಸ್ತರು ಮೈಕು ಹಿಡಿದು ಗೆರೆಯ ಅಂಚಿನಲ್ಲಿ ನಿಂತಿದ್ದರು. ಹುಡುಗರನ್ನು ಪಳಗಿಸಿದವನು ಬಟ್ಟೆಯ ಒಳಗೆ ಕೂತು ಬರಿ ಸದ್ದು ಕೇಳುತ್ತಿದ್ದ. ನಮ್ಮವರು ತಪ್ಪಿದಾಗ ಒಳಗಿನಿಂದ ಒಂದು ನಿಟ್ಟುಸಿರು ಬರುತ್ತಿತ್ತು, ಅದು ನನ್ನೊಬ್ಬಳಿಗೆ ಕೇಳಿಸುತ್ತಿತ್ತು. ಆಟ ಮುಗಿಯಲು ಇನ್ನು ಸ್ವಲ್ಪವೇ ಹೊತ್ತಿತ್ತು. ನಮ್ಮ ಹುಡುಗನೊಬ್ಬ ಒದ್ದ ಚೆಂಡು ಗೆರೆ ದಾಟಿ ಸೀದಾ ಡೇರೆಯ ಒಳಕ್ಕೆ ನುಗ್ಗಿತು. ಹತ್ತಿರವಿದ್ದವನು ಗೌಡ. ನಾನು ಕೈ ಅಡ್ಡ ಮಾಡುವಷ್ಟರಲ್ಲಿ ಬಟ್ಟೆ ಸರಿಸಿ ಒಳಗೆ ಹೋದ.

ಹೊರಗೆ ಬಂದಾಗ ಅವನ ಒಂದು ಕಂಕುಳಲ್ಲಿ ಚೆಂಡಿತ್ತು, ಇನ್ನೊಂದು ಕೈಯಲ್ಲಿ ದ್ಯಾವಪ್ಪಣ್ಣನ ಕೈಯಿತ್ತು. ದ್ಯಾವಪ್ಪಣ್ಣ ನಿಂತಿದ್ದ. ಕಾಲುಗಳು ನಡುಗುತ್ತಿದ್ದವು, ಗೌಡನ ತೋಳಿಗೆ ಒರಗಿದ್ದ, ಆದರೂ ನಿಂತಿದ್ದ. ಎಳೆದು ಎಳೆದು ಸೋತ ಇಡೀ ಊರು ನೋಡುತ್ತಿತ್ತು. ಗೌಡನಿಗೆ ಅದರಲ್ಲಿ ವಿಶೇಷವೇನೂ ಕಂಡಿರಲಿಲ್ಲ, ಬಿದ್ದವನನ್ನು ಕಂಡ, ಎತ್ತಿದ, ಅಷ್ಟೆ. ಗೌಡ ಮಾಸ್ತರ ಕಡೆ ತಿರುಗಿ ಇಂಗ್ಲಿಷಿನಲ್ಲಿ ಏನೋ ಕೇಳಿದ. ಇವರ ಮುಖ ಸುಣ್ಣದ ಗೆರೆಯಷ್ಟು ಬಿಳಿ.

"ಏನ್ ಕೇಳಾಕತ್ತಾನ?" ಎಂದ ದ್ಯಾವಪ್ಪಣ್ಣ.

"ಬಿದ್ದು ಎಷ್ಟೊತ್ತಾತು ಅಂತ."

ದ್ಯಾವಪ್ಪಣ್ಣ ಸುತ್ತ ನೋಡಿದ. ಮಂಟಪದ ಕುರ್ಚಿಗಳಲ್ಲಿ, ಟಾಕೀಸಿನ ಕುರ್ಚಿಗಳಲ್ಲಿ ಕೂತ ನಮ್ಮನ್ನೆಲ್ಲ ಒಂದು ಸುತ್ತು ನೋಡಿದ. ರುಮಾಲು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಸಾವಕಾರರನ್ನು ನೋಡಿದ. ಪಾನಕದ ಮೇಜಿನ ಹಿಂದಿದ್ದ ನನ್ನನ್ನೂ ನೋಡಿದ. ಅವನು ಈಗ ಒಂದೇ ಮಾತು ನಿಜ ಹೇಳಿದರೆ ಊರಿನ ಮಾನ ಅಲ್ಲೇ ಮಣ್ಣು ಪಾಲು. ಹೇಳಲಿ ಎಂದು ನನಗೆ ಅನ್ನಿಸಿತು. ಹೇಳದಿರಲಿ ಎಂದೂ ಅನ್ನಿಸಿತು. ಅದಕ್ಕಾಗಿ ನನ್ನ ಮೇಲೆ ನನಗೆ ಹೇಸಿಗೆಯಾಯಿತು.

"ಈಗ ಬಿದ್ದೆ ಅಂತ ಹೇಳು," ಅಂದ ದ್ಯಾವಪ್ಪಣ್ಣ. "ನಮ್ಮೂರಾವ್ರು ಎತ್ತಾಕ ಬರಾಕತ್ತಿದ್ರು, ನೀನ ಮೊದ್ಲ ಬಂದಿ ಅಂತ ಹೇಳು."

ಮಾಸ್ತರು ತಿರುಗಿ ಸಾವಕಾರರ ಕಡೆ ನೋಡಿದರು.

"ಹೇಳಪಾ ಚೆನ್ಮಲ್ಲ. ಅವತ್ತ ನಾ ಅಂದದ್ದನ್ನ ಅಂದಂಗ ಹೇಳಿದ್ದೆಲ್ಲ. ಇದನ್ನೂ ಹಂಗ ಹೇಳು."

ಇವರು ಹೇಳಿದರು. ಅಷ್ಟು ಸಣ್ಣ ಧ್ವನಿಯಲ್ಲಿ ಹೇಳಿದರೂ ಕೈಯಲ್ಲಿದ್ದ ಮೈಕು ಅದನ್ನು ಮೈದಾನಕ್ಕೆಲ್ಲ ಕೇಳಿಸಿತು. ಗೌಡನ ಮುಖ ಅರಳಿತು. ಚೆಂಡನ್ನು ಕೆಳಗಿಟ್ಟು, ದ್ಯಾವಪ್ಪಣ್ಣನನ್ನು ತೋಳಿಗೆ ಒರಗಿಸಿಕೊಂಡೇ, ನಮ್ಮ ಕಡೆ ತಿರುಗಿ ಚಪ್ಪಾಳೆ ತಟ್ಟಿದ. ಅವನ ತಂಡದವರು ತಟ್ಟಿದರು. ಉಳಿದ ಎರಡು ತಂಡಗಳವರೂ ಎದ್ದು ನಿಂತು ತಟ್ಟಿದರು. ಇಂಥ ಊರನ್ನು ನಾನು ಎಲ್ಲೂ ಕಂಡಿಲ್ಲ ಎಂದು ಗೌಡ ಅಂದದ್ದನ್ನು ಮಾಸ್ತರು ನಮಗೆ ಕನ್ನಡದಲ್ಲಿ ಹೇಳಬೇಕಾಯಿತು, ಅದನ್ನೂ ಹೇಳಿದರು. ಅತಿಥಿಗಳೆಲ್ಲ ತಟ್ಟುವಾಗ ನಾವು ಸುಮ್ಮನೆ ಕೂರುವುದು ಹೇಗೆ? ಸಾವಕಾರರು ಶುರು ಮಾಡಿದರು, ನಾವೂ ತಟ್ಟಿದೆವು.

ಸಾವಂತ್ರಿ ಜನರ ನಡುವಿನಿಂದ ಓಡಿ ಬಂದು ತಂದೆಯ ಒಂದು ಬದಿಗೆ ನಿಂತಳು. ಗೌಡ ಆಟಕ್ಕೆ ಮರಳಬೇಕಿತ್ತು, ತೋಳು ಬಿಡಿಸಿಕೊಂಡ. ದ್ಯಾವಪ್ಪಣ್ಣ ವಾಲಿದ. ಮಾಸ್ತರು ಮೈಕು ಎಸೆದು ಹೋಗಿ ಇನ್ನೊಂದು ಬದಿಯಿಂದ ಹಿಡಿದುಕೊಳ್ಳಲು ಹೋದರು.

"ಬ್ಯಾಡ ಬಿಡು," ಅಂದ ದ್ಯಾವಪ್ಪಣ್ಣ. ಅದರಲ್ಲಿ ಸಿಟ್ಟಿರಲಿಲ್ಲ. "ಈಗ ನಿಂತೀನೆಲ್ಲ."

ಮಗಳ ಹೆಗಲು ಹಿಡಿದು, ಒಂದೊಂದೇ ಹೆಜ್ಜೆ ಇಡುತ್ತ, ಗೆರೆಯ ಪಕ್ಕದಲ್ಲೇ ಅವನು ನಡೆದು ಹೋದ. ಮೈದಾನ ದೊಡ್ಡದು, ಅವನ ನಡಿಗೆ ನಿಧಾನ. ಅಷ್ಟು ಹೊತ್ತೂ ನಾವು ಚಪ್ಪಾಳೆ ತಟ್ಟುತ್ತಲೇ ಇದ್ದೆವು. ಯಾರು ಮೊದಲು ನಿಲ್ಲಿಸಬೇಕೆಂದು ಯಾರಿಗೂ ಗೊತ್ತಾಗಲಿಲ್ಲ.